ಮಳೆಗಾಲದಲ್ಲಿ ಕೇಬಲ್ ಹಿಡಿದುಕೊಂಡರೆ: ಬೈಕ್, ಕಳೆ ಯಂತ್ರ, ಟಿಲ್ಲರ್ ಮೂರಕ್ಕೂ ಮನೆಯಲ್ಲೇ ದುರಸ್ತಿ

ಆರಿದ್ರೆ ಮಳೆ ಹಿಡಿದು ಹತ್ತು ದಿನ ಕಳೆಯುವಷ್ಟರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಗಾಡಿಗಳದ್ದೆಲ್ಲ ಒಂದೇ ದೂರು. ಕ್ಲಚ್ ಕಲ್ಲಿನ ಹಾಗೆ ಆಗಿದೆ, ಎಕ್ಸಲೇಟರ್ ಬಿಟ್ಟರೂ ವಾಪಸ್ ಬರುತ್ತಿಲ್ಲ. ಹೊಸ ಕೇಬಲ್ ಹಾಕಿಸಿದರೆ ಒಂದೆರಡು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಹಿಡಿತಕ್ಕೆ ಕಾರಣ ಹುಡುಕದೆ ಕೇಬಲ್ ಬದಲಿಸಿದರೆ ಹೀಗೇ ಆಗುವುದು. ಎಷ್ಟೋ ಸಲ ಕೇಬಲ್ ಸರಿಯೇ ಇರುತ್ತದೆ, ಹಿಡಿದಿರುವುದು ಲಿವರಿನ ಬೋಲ್ಟು. ಇನ್ನು ಕೆಲವು ಸಲ ಕೇಬಲ್ ಹಾಳಾಗಿರುವುದು ನಿಜ, ಆದರೆ ಅದನ್ನು ಹಾಳು ಮಾಡಿದ್ದು ಅದು ಸಾಗುವ ದಾರಿ.

ಒಳಗೆ ಏನಿದೆ, ಯಾಕೆ ಹಿಡಿಯುತ್ತದೆ

ಕೇಬಲ್ಲಿಗೆ ಎರಡು ಭಾಗ. ಒಳಗಿನದು ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ತಂತಿ, ಇನ್ನರ್. ಹೊರಗಿನದು ಔಟರ್: ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿದ ಉಕ್ಕಿನ ಸುರುಳಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಈಚಿನ ಹೆಚ್ಚಿನ ಕೇಬಲ್‌ಗಳಲ್ಲಿ ಸುರುಳಿಗೂ ತಂತಿಗೂ ನಡುವೆ ನೈಲಾನ್ ಅಥವಾ ಟೆಫ್ಲಾನಿನ ತೆಳು ಕೊಳವೆ ಇರುತ್ತದೆ. ತುದಿಯಿಂದ ಇಣುಕಿ ನೋಡಿದರೆ ಬಿಳಿ ಅಥವಾ ಕಪ್ಪು ಉಂಗುರದಂತೆ ಕಾಣುತ್ತದೆ. ಈ ಕೊಳವೆ ಇದೆಯೋ ಇಲ್ಲವೋ ಎಂದು ಮೊದಲೇ ನೋಡಿಟ್ಟುಕೊಳ್ಳಿ, ಮುಂದೆ ಎಣ್ಣೆ ಹಾಕುವಾಗ ಬೇಕಾಗುತ್ತದೆ. ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ ಈ ಏರ್ಪಾಡು ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ಇನ್ನರ್ ಎಷ್ಟು ಬಲದಿಂದ ಎಳೆಯುತ್ತದೋ ಔಟರ್ ಅಷ್ಟೇ ಬಲವನ್ನು ತಡೆದು ನಿಲ್ಲಬೇಕು. ಹಾಗಾಗಿ ಔಟರ್ ತುದಿ ತನ್ನ ಗೂಡಿನಲ್ಲಿ ಸರಿಯಾಗಿ ಕೂರದಿದ್ದರೆ ಇನ್ನರ್ ಎಷ್ಟು ನುಣುಪಾಗಿದ್ದರೂ ಲಿವರ್ ಸ್ಪಂಜಿನ ಹಾಗೆ ಮೆತ್ತಗೆ ಅನ್ನಿಸುತ್ತದೆ.

ಬಾಗು ಮತ್ತು ತುಕ್ಕು ಒಟ್ಟಿಗೆ ಸೇರಿದರೆ ಎಷ್ಟು ತೊಂದರೆ ಎಂಬುದಕ್ಕೆ ಲೆಕ್ಕವಿದೆ. ಬಾಗಿದ ಕಡೆಯಲ್ಲೆಲ್ಲ ತಂತಿ ಔಟರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಆ ಘರ್ಷಣೆ ಬಾಗಿನಿಂದ ಬಾಗಿಗೆ ಕೂಡುವುದಿಲ್ಲ, ಗುಣಿಸಿಕೊಂಡು ಹೋಗುತ್ತದೆ. ಎಂಜಿನ್ ತುದಿಯಲ್ಲಿ 10 ಕಿಲೋ ಎಳೆತ ಬೇಕು, ದಾರಿಯಲ್ಲಿರುವ ಬಾಗುಗಳೆಲ್ಲ ಸೇರಿ 180 ಡಿಗ್ರಿ ಎಂದಿಟ್ಟುಕೊಳ್ಳಿ. ಒಳಗೆ ನುಣುಪಾಗಿದ್ದು ಘರ್ಷಣಾಂಕ, ಅಂದರೆ ಉಜ್ಜುವಿಕೆಯ ತಡೆಯ ಅಳತೆ, 0.1 ಇದ್ದರೆ ಲಿವರ್ ತುದಿಯಲ್ಲಿ ಸುಮಾರು 14 ಕಿಲೋ ಸಾಕು. ತುಕ್ಕು ಹಿಡಿದು 0.3 ಆದರೆ ಅದೇ ಕೆಲಸಕ್ಕೆ 26 ಕಿಲೋ ಬೇಕು. ಬಾಗು 360 ಡಿಗ್ರಿ ಆದರೆ ನುಣುಪಾದ ಕೇಬಲ್ಲಿಗೆ 19 ಕಿಲೋ, ತುಕ್ಕು ಹಿಡಿದದ್ದಕ್ಕೆ 66 ಕಿಲೋ! ಎಣ್ಣೆ ಹಾಕುವುದರ ಜೊತೆಗೆ ಅನಗತ್ಯವಾದ ಸುತ್ತನ್ನೂ ತೆಗೆಯಬೇಕು ಎನ್ನುವುದು ಇದಕ್ಕೇ.

ನಮ್ಮ ಸೀಮೆಯಲ್ಲಿ ತುಕ್ಕಿಗೆ ಕಾರಣಗಳಿಗೆ ಬರವಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿಲಿಮೀಟರ್ ದಾಟುತ್ತದೆ. ಲಿವರ್ ಹತ್ತಿರದ ರಬ್ಬರ್ ಟೋಪಿ ಹರಿದಿದ್ದರೆ ನೀರು ಮೇಲಿನಿಂದಲೇ ಇಳಿದು, ಕೇಬಲ್ ಜೋತುಬಿದ್ದ ತಗ್ಗಿನಲ್ಲಿ ನಿಂತುಬಿಡುತ್ತದೆ. ಅದರ ಜೊತೆ ಕೆಮ್ಮಣ್ಣಿನ ಹುಡಿ. ಇನ್ನೊಂದು ಕಾರಣವನ್ನು ಅನೇಕರು ಗಮನಿಸುವುದಿಲ್ಲ: ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಮಿಶ್ರಣ. ಸುಣ್ಣ ಕಡಿಮೆಯಾಗಿದೆಯೇ ಎಂದು ನೋಡಲು ದ್ರಾವಣದಲ್ಲಿ ಕತ್ತಿ ಅದ್ದುತ್ತೇವಲ್ಲ, ಅಲಗು ಕೆಂಪಾದರೆ ಮೈಲುತುತ್ತ ಹೆಚ್ಚಾಗಿದೆ ಎಂದರ್ಥ. ಕತ್ತಿಗೆ ಆಗುವುದೇ ಕೇಬಲ್ಲಿನ ಉಕ್ಕಿನ ಎಳೆಗೂ ಆಗುತ್ತದೆ. ತಾಮ್ರ ಕಬ್ಬಿಣದ ಮೇಲೆ ಕೂತು, ಅದರ ಪಕ್ಕದ ಕಬ್ಬಿಣ ಬೇಗ ತಿಂದುಹೋಗುತ್ತದೆ. ಔಷಧಿ ಹೊಡೆಯುವ ಯಂತ್ರವನ್ನೂ ಡ್ರಮ್ಮಿನ ಪಕ್ಕ ನಿಲ್ಲಿಸಿದ ಬೈಕನ್ನೂ ಅವತ್ತೇ ಸಂಜೆ ಬರೀ ನೀರಿನಲ್ಲಿ ತೊಳೆಯಬೇಕು.

ಎಲ್ಲಿ ಹಿಡಿದಿದೆ ಎಂದು ಪತ್ತೆ ಮಾಡುವುದು

ಬೈಕಿನ ಕ್ಲಚ್ಚನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಬೇಕಾದ ಸಾಮಾನು: 10 ಮತ್ತು 12ರ ಪಾನಾ, ಸ್ಕ್ರೂಡ್ರೈವರ್, ಇಕ್ಕಳ, ಸೂಜಿ ತೆಗೆದ 10 ಮಿಲಿ ಸಿರಿಂಜು, ಹಳೆಯ ಹತ್ತಿ ಬಟ್ಟೆ, ಹಲ್ಲುಜ್ಜುವ ಹಳೆ ಬ್ರಷ್.

ಮೊದಲು ಏನನ್ನೂ ಬಿಚ್ಚಬೇಡಿ. ಎಂಜಿನ್ ಆಫ್ ಮಾಡಿ, ಹ್ಯಾಂಡಲ್ ನೇರ ಇಟ್ಟು ಕ್ಲಚ್ ಒತ್ತಿ. ಆಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಒತ್ತಿ. ತಿರುಗಿಸಿದಾಗ ಬಿಗಿ ಹೆಚ್ಚು ಕಡಿಮೆ ಆದರೆ ಕೇಬಲ್ ತಪ್ಪು ದಾರಿಯಲ್ಲಿದೆ. ಎಲ್ಲೋ ಮಡಿಸಿಕೊಳ್ಳುತ್ತಿದೆ, ಅಥವಾ ಯಾರೋ ಪ್ಲಾಸ್ಟಿಕ್ ಪಟ್ಟಿ ಹಾಕಿ ಚಾಸಿಸ್ಸಿಗೆ ಬಿಗಿದಿದ್ದಾರೆ. ಮೂರೂ ಕಡೆ ಒಂದೇ ಥರ ಬಿಗಿ ಇದ್ದರೆ ಕೇಬಲ್ ಬಿಚ್ಚಬೇಕು.

ಬಿಚ್ಚಲು ರಬ್ಬರ್ ಟೋಪಿ ಹಿಂದೆ ಸರಿಸಿ, ಲಿವರ್ ಹತ್ತಿರದ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು (ಕೇಬಲ್ ಬಿಗಿ-ಸಡಿಲ ಮಾಡುವ ತಿರುಪು) ಪೂರ್ತಿ ಒಳಕ್ಕೆ ತಿರುಗಿಸಿ. ಅಡ್ಜಸ್ಟರ್, ಲಾಕ್ ನಟ್, ಬ್ರಾಕೆಟ್ ಮೂರರಲ್ಲೂ ಒಂದೊಂದು ಸೀಳು ಇರುತ್ತದೆ. ಮೂರನ್ನೂ ಒಂದೇ ಗೆರೆಗೆ ತಂದು ತಂತಿಯನ್ನು ಆ ಸೀಳಿನಿಂದ ಹೊರಕ್ಕೆ ಎಳೆದರೆ ನಿಪ್ಪಲ್, ಅಂದರೆ ತುದಿಯ ಗುಂಡು, ಲಿವರಿನ ಗೂಡಿನಿಂದ ಜಾರಿ ಬರುತ್ತದೆ. ಸಡಿಲ ಸಾಲದಿದ್ದರೆ ಮೊದಲು ಎಂಜಿನ್ ಹತ್ತಿರದ ಅಡ್ಜಸ್ಟರ್ ಬಿಡಿ. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಲು ಹೋಗಬೇಡಿ, ಬ್ರಾಕೆಟ್ ಅಲ್ಯೂಮಿನಿಯಂ, ಲಟಕ್ಕೆಂದು ಮುರಿಯುತ್ತದೆ.

ಈಗ ಲಿವರ್, ಕೇಬಲ್ ಎಳೆಯುವ ಎಂಜಿನ್ ಕಡೆಯ ತೋಳು, ಕೇಬಲ್ ಮೂರನ್ನೂ ಬೇರೆ ಬೇರೆ ನೋಡಿ.

ಲಿವರ್ ಮಾತ್ರ: ಬೆರಳಲ್ಲಿ ತಳ್ಳಿದರೆ ತೂಗುವ ಬಾಗಿಲಿನ ಹಾಗೆ ಓಲಾಡಬೇಕು. ತಳ್ಳಿದಲ್ಲೇ ನಿಂತರೆ ಅಪರಾಧಿ ಸಿಕ್ಕಿದ ಹಾಗೆ. ಬೋಲ್ಟ್ ತೆಗೆದು, ರಂಧ್ರ ಮತ್ತು ಬೋಲ್ಟಿನ ಕೆಂಪು ಕೆಸರು ಒರೆಸಿ, ಗ್ರೀಸ್ ಸವರಿ ಹಾಕಿ. ಬೋಲ್ಟ್ ಬಿಗಿಯುವಾಗ ಲಿವರ್ ಓಲಾಡುವಷ್ಟರಲ್ಲೇ ನಿಲ್ಲಿಸಿ, ಸ್ಕ್ರೂಡ್ರೈವರಿನಿಂದ ಬೋಲ್ಟನ್ನು ಹಿಡಿದುಕೊಂಡು ಕೆಳಗಿನ ನಟ್ ಬಿಗಿಯಿರಿ. ಬಹಳ ಕಡೆ ತಪ್ಪಾಗುವುದು ಇಲ್ಲೇ: ನಟ್ ಜೊತೆ ಬೋಲ್ಟೂ ತಿರುಗಿ ಲಿವರ್ ಬ್ರಾಕೆಟ್ಟಿನ ನಡುವೆ ಕಚ್ಚಿಕೊಳ್ಳುತ್ತದೆ. ಗಾಡಿ ಒಮ್ಮೆ ಬಿದ್ದಿದ್ದರೆ ಲಿವರ್ ಬಾಗಿ ಒಂದು ಬದಿ ತೇಯುತ್ತಿರಬಹುದು. ಹೊಳೆಯುವ ಗೆರೆ ಕಂಡರೆ ಅದೇ.

ಎಂಜಿನ್ ಕಡೆಯ ತೋಳು: ಕೈಯಲ್ಲಿ ತಳ್ಳಿದರೆ ಸ್ವಲ್ಪ ಸಡಿಲ, ಆಮೇಲೆ ಸ್ಪ್ರಿಂಗಿನ ಗಟ್ಟಿ ತಡೆ ಸಿಗಬೇಕು. ಬಿಟ್ಟರೆ ತಾನೇ ವಾಪಸ್ ಬರಬೇಕು. ಕರಕರ ಅನ್ನಿಸಿದರೆ, ಅರ್ಧದಲ್ಲಿ ನಿಂತರೆ, ಅದರ ಸೀಲು ಅಥವಾ ಬೇರಿಂಗಿಗೆ ನೀರು ಹೋಗಿದೆ. ಅದು ಕವರ್ ಬಿಚ್ಚುವ ಕೆಲಸ, ಮೆಕ್ಯಾನಿಕ್‌ಗೆ ಬಿಡಿ. ಕೇಬಲ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಕೇಬಲ್ ಮಾತ್ರ: ಎರಡೂ ತುದಿ ಬಿಚ್ಚಿ, ಹೊರತೆಗೆಯುವ ಮೊದಲು ಅದು ಹೋಗಿರುವ ದಾರಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನೇರವಾಗಿ ತೂಗಿಹಿಡಿದರೆ ಒಳ್ಳೆಯ ಕೇಬಲ್ಲಿನ ಇನ್ನರ್ ತನ್ನ ತೂಕಕ್ಕೇ ಕೆಳಗೆ ಜಾರುತ್ತದೆ. ಎರಡು ಬೆರಳಲ್ಲಿ ಎಳೆದರೂ ಬಾರದಿದ್ದರೆ ಒಳಗೆ ತುಕ್ಕು. ನೇರ ಇದ್ದಾಗ ಸಲೀಸು, ಬಾಗಿಸಿದಾಗ ಹಿಡಿತ ಎಂದಾದರೆ ಒಳಕೊಳವೆ ಸವೆದು ತಂತಿ ಸುರುಳಿಗೇ ತಾಗುತ್ತಿದೆ. ಇನ್ನರನ್ನು ಒಂದು ಬದಿಗೆ ಪೂರ್ತಿ ಎಳೆದು, ಹೊರಗೆ ಕಾಣುವಷ್ಟನ್ನು ಹತ್ತಿ ಬಟ್ಟೆಯಲ್ಲಿ ಸವರಿ. ನೂಲು ಸಿಕ್ಕಿಕೊಂಡ ಜಾಗದಲ್ಲಿ ಎಳೆ ಹರಿದಿದೆ. ಬರಿಬೆರಳಲ್ಲಿ ಸವರಬೇಡಿ, ಹರಿದ ಎಳೆ ಮುಳ್ಳಿನಂತೆ ಚುಚ್ಚುತ್ತದೆ.

ಒಂದೇ ಒಂದು ಎಳೆ ಹರಿದಿದ್ದರೂ, ಔಟರಿನಲ್ಲಿ ಮಡಿಕೆ ಬಿದ್ದಿದ್ದರೂ, ಒಳಕೊಳವೆ ತುದಿಯಿಂದ ಹೊರಗೆ ಇಣುಕಿದ್ದರೂ, ಇಲಿ ಕಡಿದು ಸುರುಳಿ ಬಯಲಾಗಿದ್ದರೂ ಆ ಕೇಬಲ್ಲನ್ನು ಶುಚಿ ಮಾಡುತ್ತ ಕೂರಬೇಡಿ. ಬದಲಿಸಿ.

ತೊಳೆದು ಎಣ್ಣೆ ಹಾಕುವುದು

ಒಳಕೊಳವೆ ಇಲ್ಲದ ಹಳೆಯ ಮಾದರಿಯ ಕೇಬಲ್ ಆದರೆ ತೊಳೆಯಲು ಡೀಸೆಲ್ ಅಥವಾ ಸೀಮೆಎಣ್ಣೆ ಸಾಕು. ಪೆಟ್ರೋಲ್ ಬೇಡ, ಒಲೆಯ ಹತ್ತಿರ ಯಾವುದೂ ಬೇಡ. ಕೇಬಲ್ಲನ್ನು ಕೊಟ್ಟಿಗೆಯ ಮೊಳೆಗೆ ನೆಟ್ಟಗೆ ತೂಗುಹಾಕಿ. ಮೇಲಿನ ತುದಿಗೆ ದಪ್ಪ ಪ್ಲಾಸ್ಟಿಕ್ ಕೊಟ್ಟೆಯ ಒಂದು ಮೂಲೆ ಕತ್ತರಿಸಿ ತೊಡಿಸಿ, ಕರೆಂಟ್ ಟೇಪ್ ಬಿಗಿಯಾಗಿ ಸುತ್ತಿದರೆ ಆಲಿಕೆ ತಯಾರು. ಸಿರಿಂಜಿನಿಂದ 10 ಮಿಲಿ ಡೀಸೆಲ್ ಬಿಟ್ಟು ಇನ್ನರನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ. ಕೆಳಗೆ ಕಾಫಿ ಬಣ್ಣದ ನೀರು ಬರುತ್ತದೆ. ಅದು ತಿಳಿಯಾಗುವವರೆಗೆ ಮತ್ತೆ ಮತ್ತೆ ಬಿಡಿ, ಮೂರು ನಾಲ್ಕು ಸಲ ಬೇಕಾಗಬಹುದು. ಪಂಕ್ಚರ್ ಅಂಗಡಿಯ ಗಾಳಿ ಸಿಕ್ಕರೆ ಊದಿಸಿ, ಇಲ್ಲದಿದ್ದರೆ ಸೈಕಲ್ ಪಂಪು. ಆಮೇಲೆ ರಾತ್ರಿಯಿಡೀ ತೂಗಿಬಿಡಿ. ಹಸಿ ಇರುವಾಗಲೇ ಎಣ್ಣೆ ಹಾಕಿದರೆ ಡೀಸೆಲ್ ಅದನ್ನು ತೆಳು ಮಾಡಿ ಕೆಳಗೆ ಇಳಿಸಿಬಿಡುತ್ತದೆ.

ಬೆಳಿಗ್ಗೆ ಅದೇ ಆಲಿಕೆಯಲ್ಲಿ 5 ಮಿಲಿ ಹೊಸ ಎಂಜಿನ್ ಆಯಿಲ್, ಗಾಡಿಗೆ ಹಾಕುವುದೇ ಆಗುತ್ತದೆ. 20ಡಬ್ಲ್ಯೂ-40 ದರ್ಜೆಯ ಆಯಿಲ್ ನಿಧಾನಕ್ಕೆ ಇಳಿಯುತ್ತದೆ, ಅವಸರ ಮಾಡಬೇಡಿ. ಕೆಳತುದಿಯಲ್ಲಿ ಒಂದು ಹನಿ ಕಂಡ ಮೇಲೆ ನಿಲ್ಲಿಸಿ, ತುದಿಗಳನ್ನು ಒರೆಸಿ.

ಒಳಕೊಳವೆ ಇರುವ ಕೇಬಲ್ಲಿಗೆ ಇಷ್ಟೆಲ್ಲ ಬೇಡ. ಗಾಳಿ ಊದಿ ಒಣಗಿಸಿ, ಸಿಲಿಕೋನ್ ಸ್ಪ್ರೇ ಇಲ್ಲವೇ ಹೊಲಿಗೆ ಯಂತ್ರದ ಎಣ್ಣೆ ನಾಲ್ಕೈದು ಹನಿ ಸಾಕು. ಥಿನ್ನರ್, ಪೆಟ್ರೋಲ್ ಅದರ ಹತ್ತಿರ ತರಬೇಡಿ. ದಪ್ಪ ಗ್ರೀಸನ್ನು ಒತ್ತಿ ತುಂಬುವುದಂತೂ ಬೇಡವೇ ಬೇಡ, ಕೊಳವೆಗೂ ತಂತಿಗೂ ನಡುವಿನ ಅಂತರ ತೀರ ಕಡಿಮೆ, ಗ್ರೀಸ್ ಅಲ್ಲಿ ಅಂಟಾಗಿ ನಿಲ್ಲುತ್ತದೆ.

ಎಣ್ಣೆಯ ವಿಷಯದಲ್ಲಿ ಮನೆಗಳಲ್ಲಿ ನಡೆಯುವ ಮೂರು ತಪ್ಪು ಹೇಳಲೇಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗುವುದು ಕೇಬಲ್ಲಿನೊಳಗೂ ಗಟ್ಟಿಯಾಗುತ್ತದೆ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳು ಗಾಳಿ ತಾಗಿ ಕೆಲವೇ ತಿಂಗಳಲ್ಲಿ ಅಂಟಾಗುತ್ತವೆ, ಬಾಣಲೆಯ ಅಂಚಿನ ಜಿಡ್ಡಿನ ಹಾಗೆ. ಸರ್ವೀಸ್ ಮಾಡಿದಾಗ ಇಳಿಸಿದ ಕಪ್ಪು ಆಯಿಲ್‌ನಲ್ಲಿ ಮಸಿಯೂ ಲೋಹದ ಹುಡಿಯೂ ಇರುತ್ತದೆ, ತಂತಿಯನ್ನು ಅದೇ ತಿಂದುಹಾಕುತ್ತದೆ. ಇನ್ನು ಡಬ್ಲ್ಯೂಡಿ-40 ಎಂಬ ಸ್ಪ್ರೇ ನೀರು ಓಡಿಸಲು, ತುಕ್ಕು ಸಡಿಲಿಸಲು ಒಳ್ಳೆಯದು. ಆದರೆ ಅದು ಹೆಚ್ಚು ದಿನ ಉಳಿಯುವುದಿಲ್ಲ, ಇದ್ದ ಎಣ್ಣೆಯನ್ನೂ ತೊಳೆದುಕೊಂಡು ಹೋಗುತ್ತದೆ. ಹೊಡೆದ ಮೇಲೆ ಎಣ್ಣೆ ಹಾಕಲೇಬೇಕು.

ವಾಪಸ್ ಕೂರಿಸುವಾಗ

ನಿಪ್ಪಲ್‌ಗೆ ಮತ್ತು ಅದು ಕೂರುವ ಗೂಡಿಗೆ ಬಟಾಣಿ ಕಾಳಿನಷ್ಟು ಗ್ರೀಸ್ ಹಚ್ಚಿ. ಇದು ಸಣ್ಣ ಕೆಲಸ ಎಂದು ಬಿಡುವವರೇ ಹೆಚ್ಚು, ಆದರೆ ಕ್ಲಚ್ ಕೇಬಲ್ ತುಂಡಾಗುವುದು ಬಹುಪಾಲು ಈ ನಿಪ್ಪಲ್ಲಿನ ಬುಡದಲ್ಲೇ. ಲಿವರ್ ಒತ್ತಿದಾಗ ನಿಪ್ಪಲ್ ಗೂಡಿನಲ್ಲಿ ಉರುಳಬೇಕು. ಒಣಗಿ ಉರುಳದಿದ್ದರೆ ಅದರ ಬುಡದಲ್ಲಿ ತಂತಿಯೇ ಪ್ರತಿ ಸಲ ಬಾಗುತ್ತದೆ, ಎಳೆ ಎಳೆಯಾಗಿ ಕಡಿಯುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿಳಿಯುವ ಗಾಡಿಯಲ್ಲಿ ಆ ಬಾಗುವಿಕೆ ದಿನಕ್ಕೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ದಾರಿ ತೆಗೆದ ಫೋಟೋದಂತೆಯೇ ಇರಲಿ. ಆದರೆ ಆ ದಾರಿಯೇ ಹಿಂದೆ ಯಾರೋ ತಪ್ಪಾಗಿ ಹಾಕಿದ್ದಿರಬಹುದು. ಯಾವ ಬಾಗೂ ಚಹಾ ಲೋಟದ ತಟ್ಟೆಯ ಅಂಚಿಗಿಂತ ಸಣ್ಣ ಸುತ್ತಿನದಾಗಬಾರದು. ಸೈಲೆನ್ಸರಿಗೆ ತಾಗಬಾರದು, ಒಳಕೊಳವೆ ಕರಗಿ ತಂತಿಗೆ ಅಂಟುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಔಟರ್ ಸರಿದಾಡಲು ಜಾಗ ಬೇಕು, ಪ್ಲಾಸ್ಟಿಕ್ ಪಟ್ಟಿ ಹಾಕಿದರೆ ಬೆರಳು ತೂರುವಷ್ಟು ಸಡಿಲ ಬಿಡಿ. ರಬ್ಬರ್ ಟೋಪಿ ಹರಿದಿದ್ದರೆ ಹೊಸದು ಹಾಕಿ. ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಅಡ್ಜಸ್ಟರಿನ ಮೇಲೆ ತೊಡಿಸಿ, ಸೀಳು ಮುಚ್ಚುವಂತೆ. ಕೆಳಗಿನ ತುದಿಯನ್ನು ಮಾತ್ರ ಮುಚ್ಚಬೇಡಿ, ಒಳಗೆ ಹೋದ ನೀರು ಇಳಿಯಲು ಅದೊಂದೇ ದಾರಿ.

ಹೊಂದಿಸುವಾಗ ಲಿವರ್ ತುದಿಯಲ್ಲಿ ಸಡಿಲ 10ರಿಂದ 15 ಮಿಲಿಮೀಟರ್ ಇರಬೇಕು. ಹೆಚ್ಚಿನ ಬೈಕುಗಳಿಗೆ ಇದು ಸರಿ, ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ದೊಡ್ಡ ಹೊಂದಾಣಿಕೆಯನ್ನು ಎಂಜಿನ್ ಕಡೆಯ ಅಡ್ಜಸ್ಟರಿನಲ್ಲಿ ಮಾಡಿ, ಲಿವರ್ ಕಡೆಯದನ್ನು ಸಣ್ಣ ತಿದ್ದುಪಡಿಗೆ ಉಳಿಸಿಕೊಳ್ಳಿ. ಸಡಿಲವೇ ಇಲ್ಲದಂತೆ ಬಿಗಿದರೆ ಕ್ಲಚ್ ಪೂರ್ತಿ ಕಚ್ಚದೆ ಪ್ಲೇಟು ಸುಡುತ್ತದೆ, ಘಾಟಿ ಏರುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಎಕ್ಸಲೇಟರ್

ಇದರಲ್ಲಿ ಒಂದು ನಿಯಮ ಬಿಡುವಂತಿಲ್ಲ: ಎಷ್ಟು ತಿರುಗಿಸಿ ಕೈಬಿಟ್ಟರೂ, ಹ್ಯಾಂಡಲ್ ಎತ್ತ ತಿರುಗಿದ್ದರೂ, ಅದು ಟಪ್ಪೆಂದು ತಾನಾಗಿ ಮುಚ್ಚಬೇಕು. ನಿಧಾನಕ್ಕೆ ಬಂದರೂ ಸಾಲದು. ಹಿಡಿಯ ಬಳಿ ತಿರುಗುವ ಸಡಿಲ 2ರಿಂದ 6 ಮಿಲಿಮೀಟರ್ ಸಾಮಾನ್ಯ. ಕೆಲಸ ಮುಗಿದ ಮೇಲೆ ಗಾಡಿಯನ್ನು ನಡುಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಆನ್ ಮಾಡಿ, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ. ಆ ಗಾಡಿಯನ್ನು ರಸ್ತೆಗೆ ತೆಗೆಯಬೇಡಿ.

ಕೇಬಲ್ ಸರಿಯಿದ್ದೂ ಹಿಡಿದರೆ ಹಿಡಿಯ ರಬ್ಬರನ್ನು ನೋಡಿ. ಅದು ಒಳಕ್ಕೆ ಸರಿದು ಸ್ವಿಚ್ ಡಬ್ಬಿಗೆ, ಅಥವಾ ಹೊರಕ್ಕೆ ಸರಿದು ಹ್ಯಾಂಡಲ್ ತುದಿಯ ತೂಕಕ್ಕೆ ಉಜ್ಜುತ್ತಿರುತ್ತದೆ. ಒಂದೆರಡು ಮಿಲಿಮೀಟರ್ ಸರಿಸಿದರೆ ಮುಗಿಯಿತು. ಹಿಡಿಯ ಕೊಳವೆಯೊಳಗೆ ಗ್ರೀಸ್ ಬೇಡ, ಒರೆಸಿ ಒಣಗಿಸಿದರೆ ಸಾಕು.

ಕಳೆ ಕೊಚ್ಚುವ ಯಂತ್ರ

ಇಲ್ಲಿ ಕೇಬಲ್ ಹಿಡಿದರೆ ಕಾಲು ಹೋಗುತ್ತದೆ. ಎಂಜಿನ್ ಮಂದಗತಿಗೆ ಇಳಿದಾಗ ಮಾತ್ರ ಒಳಗಿನ ಕ್ಲಚ್ ಬಿಟ್ಟುಕೊಂಡು ಬ್ಲೇಡ್ ನಿಲ್ಲುವುದು. ಕೇಬಲ್ ಎರಡೇ ಮಿಲಿಮೀಟರ್ ವಾಪಸ್ ಬಾರದಿದ್ದರೂ ವೇಗ ಇಳಿಯದೆ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಹೀಗಾದಾಗ ಅನೇಕರು ಮಂದಗತಿಯ ಸ್ಕ್ರೂ ತಿರುಗಿಸಿ ಸರಿ ಮಾಡಲು ನೋಡುತ್ತಾರೆ. ಅದರಿಂದ ದೋಷ ಮುಚ್ಚಿಹೋಗುತ್ತದೆಯೇ ಹೊರತು ಹೋಗುವುದಿಲ್ಲ.

ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಡಿ. ಕೈಹಿಡಿಯ ಟ್ರಿಗರ್ ಬಿಟ್ಟಾಗ ಕಾರ್ಬುರೇಟರಿನ ಚಿಕ್ಕ ತೋಳು ಸ್ಕ್ರೂಗೆ ತಾಗಿ ನಿಲ್ಲಬೇಕು, ಅಲ್ಲಿ ತಂತಿಗೆ 1ರಿಂದ 2 ಮಿಲಿಮೀಟರ್ ಸಡಿಲ ಇರಬೇಕು. ಇಲ್ಲದಿದ್ದರೆ ಹಿಡಿಯ ಎರಡು ಹೋಳು ಬಿಚ್ಚಿ ನೋಡಿ. ಹುಲ್ಲಿನ ನಾರು, ಒಣಗಿದ ಹಸಿರು ರಸ ಗಟ್ಟಿಯಾಗಿ ಕೂತಿರುತ್ತದೆ. ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ಅಲ್ಲಿ ಎಣ್ಣೆ ಹಾಕಬೇಡಿ, ಮತ್ತೆ ಹುಡಿ ಹಿಡಿಯುತ್ತದೆ. ಬಿಚ್ಚುವಾಗ ಸಣ್ಣ ಸ್ಪ್ರಿಂಗ್ ಹಾರಿಹೋಗದಂತೆ ಬಿಳಿ ಬಟ್ಟೆಯ ಮೇಲೆ ಕೆಲಸ ಮಾಡಿ. ಕೇಬಲ್ಲನ್ನು ಉದ್ದದ ಪೈಪಿಗೆ ಟೇಪು ಬಿಗಿದು ಕಟ್ಟಿದ್ದರೆ ಬಿಚ್ಚಿ ಸಡಿಲವಾಗಿ ಕಟ್ಟಿ. ಕೂಡಿಸಿದ ಮೇಲೆ ಬ್ಲೇಡ್ ನೆಲಕ್ಕೂ ಜನಕ್ಕೂ ದೂರ ಇರುವಂತೆ ಹಿಡಿದು ಎಂಜಿನ್ ಆನ್ ಮಾಡಿ, ಐದಾರು ಸಲ ವೇಗ ಏರಿಸಿ ಬಿಡಿ. ಪ್ರತಿ ಸಲವೂ ಬ್ಲೇಡ್ ನಿಂತರೆ ಮಾತ್ರ ತೋಟಕ್ಕೆ ಒಯ್ಯಿರಿ.

ಟಿಲ್ಲರ್

ಕೇಬಲ್ಲಿನಿಂದ ನಡೆಯುವ ಪಕ್ಕದ ಕ್ಲಚ್ಚುಗಳಿದ್ದರೆ (ಟಿಲ್ಲರ್ ತಿರುಗಿಸಲು ಆ ಬದಿಯ ಚಕ್ರವನ್ನು ಎಂಜಿನ್ನಿನಿಂದ ಬಿಡಿಸುವವು) ಕೆಸರು ಉಳುಮೆ ಮುಗಿದ ದಿನವೇ ಎರಡೂ ಕೇಬಲ್ಲಿನ ಕೆಳತುದಿಯ ಮಣ್ಣು ತೊಳೆಯಿರಿ. ಒಣಗಿದರೆ ಸುಣ್ಣದ ಗಾರೆಯ ಹಾಗೆ ಹಿಡಿಯುತ್ತದೆ. ಎಡ ಬಲ ಎರಡರ ಸಡಿಲವೂ ಒಂದೇ ಆಗಿರಲಿ. ಒಂದು ಬದಿ ಒತ್ತಿ ಬಿಟ್ಟ ಮೇಲೂ ಟಿಲ್ಲರ್ ಆ ಬದಿಗೇ ಎಳೆಯುತ್ತಿದ್ದರೆ ಆ ಕೇಬಲ್ ವಾಪಸ್ ಬಂದಿಲ್ಲ. ಸಮತಟ್ಟಾದ ಗದ್ದೆಯಲ್ಲಿ ಇದು ಬರೀ ಕಿರಿಕಿರಿ. ಆದರೆ ತೋಟದಿಂದ ಗದ್ದೆಗೆ ಇಳಿಯುವ ಕಡಿದಾದ ದಾರಿಯಲ್ಲಿ ಪಕ್ಕದ ಕ್ಲಚ್ ಒತ್ತಿದರೆ ಟಿಲ್ಲರ್ ತಿರುಗುವುದು ವಿರುದ್ಧ ದಿಕ್ಕಿಗೆ: ಬಿಟ್ಟುಕೊಂಡ ಚಕ್ರ ಓಡುತ್ತದೆ, ಎಂಜಿನ್ ಹಿಡಿದ ಚಕ್ರ ತಡೆಯುತ್ತದೆ. ಅಂಥ ಇಳಿಜಾರಿನಲ್ಲಿ ಕೇಬಲ್ಲೂ ಹಿಡಿದುಕೊಂಡರೆ ತಿದ್ದಲು ಸಮಯವೇ ಸಿಗುವುದಿಲ್ಲ. ಹಾಗಾಗಿ ಇಳಿಸುವ ಮೊದಲು ಸಮತಟ್ಟಿನಲ್ಲೇ ಎರಡೂ ಬದಿ ಒತ್ತಿ ಬಿಟ್ಟು ನೋಡಿ, ಇಳಿಜಾರಿನಲ್ಲಿ ಪಕ್ಕದ ಕ್ಲಚ್ ಮುಟ್ಟದೆ ಹಿಡಿಯಿಂದಲೇ ದಿಕ್ಕು ತಿದ್ದಿ.

ಗಾಡಿಯಲ್ಲಿ ಇಟ್ಟುಕೊಳ್ಳಲು

ಮೃಗಶಿರ ಮಳೆಗೆ ಮೊದಲು ಒಮ್ಮೆ, ಮಳೆಯ ನಡುವೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಎಣ್ಣೆ ಹಾಕಿದರೆ ಸಾಕಾಗುತ್ತದೆ. ಒಂದು ಹೊಸ ಕ್ಲಚ್ ಕೇಬಲ್ ಸೀಟಿನ ಕೆಳಗೆ ಇರಲಿ, ಎರಡೂ ತುದಿಗೆ ಟೇಪು ಸುತ್ತಿ. ತೆರೆದಿಟ್ಟರೆ ಕುಂಬಾರ ಹುಳ ಮಣ್ಣು ತುಂಬಿ ಗೂಡು ಮಾಡುತ್ತದೆ. ಸ್ಕ್ರೂ ಬಿಗಿಯುವ ನಿಪ್ಪಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೂ ಒಂದು ಇಟ್ಟುಕೊಳ್ಳಿ. ನಡುದಾರಿಯಲ್ಲಿ ಕ್ಲಚ್ ತಂತಿ ನಿಪ್ಪಲ್ ಬುಡದಲ್ಲಿ ತುಂಡಾದರೆ ಎಂಜಿನ್ ಕಡೆಯ ಅಡ್ಜಸ್ಟರನ್ನು ಪೂರ್ತಿ ಸಡಿಲಿಸಿ ತಂತಿಗೆ ಉದ್ದ ತಂದುಕೊಂಡು, ಈ ನಿಪ್ಪಲನ್ನು ತೊಡಿಸಿ ಇಕ್ಕಳದಲ್ಲಿ ಹಿಡಿದು ಸ್ಕ್ರೂ ಬಿಗಿಯಿರಿ. ಸ್ಕ್ರೂ ಎಳೆಗಳನ್ನು ಜಜ್ಜಿರುವುದರಿಂದ ಇದು ಹತ್ತಿರದ ಪೇಟೆ ಮುಟ್ಟುವವರೆಗೆ ಮಾತ್ರ. ಬ್ರೇಕಿನ ಕೇಬಲ್ಲಿಗೆ ಇದನ್ನು ಅಷ್ಟು ದೂರಕ್ಕೂ ಬಳಸಬಾರದು.